ಡ್ಯಾಮ್ ಪಿಚ್ಚರ್ ಮತ್ತು ಎಡಬದಿಯ ಬಾಗಿಲು

೨೫ ಜುಲೈ ೧೯೯೭, ಶುಕ್ರವಾರ
ಗೋಕಾಕ

ಟಾಕೀಸಿನ ಎಡಬದಿಯ ಮೂರೂ ಬಾಗಿಲುಗಳಿಗೆ ಇಂದಿನಿಂದ ಮತ್ತೆ ಹೊರಗಿನಿಂದ ಬೀಗ ಬಿದ್ದಿದೆ. ತಿಳಿಸಿದವನು ಗೇಟ್‌ಕೀಪರ್ ಉದ್ದಪ್ಪ. ಮ್ಯಾಟಿನಿ ಶುರುವಾಗಿ ಹತ್ತು ನಿಮಿಷಕ್ಕೆ ನನ್ನ ಕೋಣೆಗೆ ಬಂದು, "ಸಾವ್ಕಾರ್ರು ಫೋನ್ ಮಾಡಿದ್ರು. ಹಾಕಿಬಿಟ್ಟೇನ್ರಿ ಸಾಹೇಬ್ರ" ಎಂದ. ಹೋಗಿ ನೋಡಿದೆ. ನಿಜ.

ಜೂನ್ ೧೩ರಂದು ದಿಲ್ಲಿಯ ಚಿತ್ರಮಂದಿರವೊಂದರಲ್ಲಿ ಬೆಂಕಿ ಬಿದ್ದು ಐವತ್ತೊಂಬತ್ತು ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಉರಿಯಲ್ಲ, ಹೊಗೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಆ ವರದಿ ಕತ್ತರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಮರುದಿನವೇ ನಮ್ಮ ಬಾಗಿಲುಗಳ ಬೀಗ ತೆಗೆಸಿದ್ದೆ. ಆರು ವಾರ ಹಾಗೆಯೇ ನಡೆಯಿತು. ಕಳೆದ ರವಿವಾರ ಟಿಕೆಟ್ ಇಲ್ಲದವರು ಆ ಬಾಗಿಲುಗಳಿಂದ ಒಳಗೆ ಬಂದು ಕುಳಿತು, ಟಿಕೆಟ್ ತೆಗೆದವರು ನಿಂತು ನೋಡುವಂತಾಯಿತು. ಸುದ್ದಿ ಮಾಲೀಕರಾದ ಪರಪ್ಪ ಸಾವ್ಕಾರರಿಗೆ ಮುಟ್ಟಿದೆ.

ಚಂದ್ರಪ್ರಭಾ ಟಾಕೀಸಿನ ಬಲಗೋಡೆಗೆ ಗೋದಾಮು ಅಂಟಿಕೊಂಡಿದೆ. ಆ ಕಡೆ ಬಾಗಿಲೇ ಇಲ್ಲ. ಮುಂದಿನ ದೊಡ್ಡ ಬಾಗಿಲು ಬಿಟ್ಟರೆ ಹೊರಹೋಗಲು ಇರುವುದು ಎಡಬದಿ ಮಾತ್ರ. ಹೆಂಗಸರ ಸೀಟುಗಳೂ ಅದೇ ಬದಿಗೆ.

ಹುಕ್ಕೇರಿಯಿಂದ ಮಗಳು ಮಯೂರಿಯ ಪತ್ರ. ಐದು ತಿಂಗಳ ಕೂಸನ್ನು ಕರೆದುಕೊಂಡು ನಾಗರ ಪಂಚಮಿಗೆ ಬರುತ್ತಾಳೆ.

೨೯ ಜುಲೈ, ಮಂಗಳವಾರ

ಸಾವ್ಕಾರರ ಬೆಲ್ಲದ ಅಂಗಡಿಗೆ ಹೋಗಿ ಅವರನ್ನು ಕಂಡೆ. ಬೀಗದ ಮಾತು ತೆಗೆದೆ.

"ದಿಲ್ಲಿ ಎಲ್ಲಿ, ಗೋಕಾಕ ಎಲ್ಲಿ, ಜಿನದತ್ತಣ್ಣಾರ?" ಎಂದರು. "ಪೇಪರ್ ಭಾಳ ಓದ್ತೀರಿ ನೀವು. ಹದಿನೈದು ವರ್ಷ ಆತು ಮ್ಯಾನೇಜರ್ ಆಗಿ, ಒಂದ್ ಬೀಡಿ ಕಿಡಿ ಬಿದ್ದೈತೇನು ಹೇಳ್ರಿ?"

"ಬಿದ್ದಿಲ್ರಿ. ಖರೆ ಜನರೇಟರ್ ಮೂರನೇ ಬಾಗಲದ ಬಾಜೂಕ ಐತಿ."

"ಇರಲಿ ಬಿಡ್ರಿ. ಪಂಚಮಿ ಮುಗೀಲಿ. ಹೆಣ್ಮಕ್ಕಳು ತವರಿಗೆ ಬರ್ತಾರ, ಹೌಸ್‌ಫುಲ್ ಆಕ್ಕೈತಿ. ಆಮ್ಯಾಲ ನೋಡೂನು." ಚಹಾ ತರಿಸಿದರು. ನಾನು ಏಳುವಾಗ ನಗುತ್ತ ಕೇಳಿದರು: "ಅಲ್ಲಾ, ಆ ಕೊಂಡಿ ಹಾಕಸಿದವ್ರು ಯಾರು? ನಾ ಅಂತೂ ಅಲ್ಲ."

ನಿಜ. ೧೯೮೬ರಲ್ಲಿ, ಟಿಕೆಟ್ ಇಲ್ಲದವರನ್ನು ತಡೆಯಲೆಂದು, ಆ ಬಾಗಿಲುಗಳಿಗೆ ಹೊರಗಿನಿಂದ ಕೊಂಡಿ ಹಾಕಿಸಿದವನು ನಾನು. ಆ ವರ್ಷದ ದೀಪಾವಳಿಗೆ ಅವರು ನನಗೆ ಶಾಲು ಹೊದಿಸಿದ್ದರು. ಶಾಲು ಈಗಲೂ ಕಪಾಟಿನಲ್ಲಿದೆ.

ಹುಬ್ಬಳ್ಳಿಯಿಂದ ಬರಬೇಕಿದ್ದ ಹೊಸ ಕನ್ನಡ ಚಿತ್ರ ಬರುವುದಿಲ್ಲ. ಬದಲಿಗೆ ಹಿಂದಿಗೆ ಡಬ್ ಆದ ಹಳೆಯ ಇಂಗ್ಲಿಷ್ ಚಿತ್ರ. ಹುಕ್ಕೇರಿಯಲ್ಲಿ ಓಡುತ್ತಿದೆ; ಅಲ್ಲಿಂದ ರೀಲುಗಳ ಪೆಟ್ಟಿಗೆ ಬರುತ್ತದೆ, ನಮ್ಮಲ್ಲಿ ಮುಗಿದ ಮೇಲೆ ಮೂಡಲಗಿಗೆ.

೧ ಆಗಸ್ಟ್, ಶುಕ್ರವಾರ

ಪೆಟ್ಟಿಗೆ ಬೆಳಿಗ್ಗೆ ಬಸ್ಸಿನಲ್ಲಿ ಬಂತು. ಮೂರೂ ಆಟ ನಡೆದವು. ಚಿತ್ರದ ಹೆಸರು ಯಾರ ಬಾಯಲ್ಲೂ ಹೊರಳಲಿಲ್ಲ. ಸಂಜೆಯೊಳಗೆ ಊರು ಅದಕ್ಕೆ 'ಡ್ಯಾಮ್ ಪಿಚ್ಚರ್' ಎಂದು ಹೆಸರಿಟ್ಟಿತು.

ಕಥೆ ಇಷ್ಟು. ಗುಡ್ಡದ ಮೇಲೊಂದು ಅಣೆಕಟ್ಟು, ಕೆಳಗೊಂದು ದೊಡ್ಡ ಹೋಟೆಲು, ಅಲ್ಲೊಂದು ಮದುವೆ. ಎಂಜಿನಿಯರನೊಬ್ಬ ಬಿರುಕು ಕಂಡು ಎಲ್ಲರಿಗೂ ಹೇಳುತ್ತಾನೆ, ಯಾರೂ ಕೇಳುವುದಿಲ್ಲ. ಹೋಟೆಲಿನ ಮ್ಯಾನೇಜರನು ಬಿಲ್ಲು ಕೊಡದೆ ಯಾರೂ ಜಾರಿಕೊಳ್ಳಬಾರದೆಂದು ಹಿಂಬಾಗಿಲಿಗೆ ಸರಪಳಿ ಹಾಕುತ್ತಾನೆ. ಏಳನೇ ರೀಲಿನಲ್ಲಿ ಅಣೆಕಟ್ಟು ಒಡೆಯುತ್ತದೆ.

ಎಲ್ಲ ಆಟಿಕೆ. ನೀರಿನ ಹನಿಗಳು ಗೋಲಿಗುಂಡಿನಷ್ಟು ದಪ್ಪ. ಅಷ್ಟರಿಂದಲೇ ಅಣೆಕಟ್ಟು ಮೊಣಕಾಲೆತ್ತರದ್ದು ಎಂದು ತಿಳಿಯುತ್ತದೆ. ತೇಲುವ ಕಾರಿಗೆ ಕಟ್ಟಿದ ದಾರ ಕಾಣುತ್ತದೆ. ಹಳದಿ ಟೊಪ್ಪಿಗೆಯ ಹೆಂಗಸು ಏಳನೇ ರೀಲಿನಲ್ಲಿ ಕೊಚ್ಚಿಹೋಗಿ, ಎಂಟನೆಯದರಲ್ಲಿ ಇನ್ನೊಮ್ಮೆ ಕೊಚ್ಚಿಹೋಗುತ್ತಾಳೆ. ಇಷ್ಟೆಲ್ಲ ನಡೆದರೂ ಎಂಜಿನಿಯರನ ಟೈ ಒದ್ದೆಯಾಗುವುದಿಲ್ಲ. ದುಡ್ಡು ಕೊಟ್ಟು ಇಂಥದ್ದನ್ನು ಯಾಕೆ ನೋಡುತ್ತಾರೋ ತಿಳಿಯದು.

ಗೋಕಾಕ ಫಾಲ್ಸ್‌ನಿಂದ ಗಿರಣಿ ಕೆಲಸದವರು ಬಂದಿದ್ದರು. ಮಳೆಗಾಲದ ಧಬಧಬೆಯನ್ನು ದಿನಾ ನೋಡುವ ಜನ. "ಇದ್ಯಾವ ನೀರ್ರಿ? ನಮ್ಮ ಬಚ್ಚಲದಾಗ ಇದಕ್ಕಿಂತ ಜೋರ್ ಹರೀತೈತಿ" ಎಂದು ನಕ್ಕರು. ಆದರೆ ಆ ನೀರು ಹೋಟೆಲಿನೊಳಗೆ ನುಗ್ಗಿದಾಗ ಅವರೂ ಕಾಲು ಮೇಲೆತ್ತಿ ಸೀಟಿನ ಮೇಲೆ ಇಟ್ಟುಕೊಂಡರು. ಕಣ್ಣಾರೆ ಕಂಡೆ.

ಹೆಂಗಸರ ಗೇಟಿನ ಫಕೀರವ್ವ ಮೊದಲ ಆಟದಲ್ಲೇ ಇಡೀ ಸೂತ್ರ ಕಂಡುಹಿಡಿದಿದ್ದಾಳೆ. "ನಗುನಗುತ್ತ ಲಗ್ನದ ಮಾತು ತಗದ್ರಂದ್ರ ಅವ್ರು ಉಳಿಯಂಗಿಲ್ರಿ. ಹಾಡು ಹಾಡಿದ ಮುದುಕಿನೂ ಹೋಗ್ತಾಳ. ನಾಯಿ ಮಾತ್ರ ಸಾಯಂಗಿಲ್ಲ. ಅಮೇರಿಕಾದಾಗ ನಾಯಿ ಸಾಯೂದಿಲ್ಲ ಅಂತ ಕಾಣ್ತೈತಿ."

"ಮತ್ತ ಮ್ಯಾನೇಜರ್?" ಎಂದೆ.

"ಅವಗ ಯಾರ ಅಳ್ತಾರ್ರಿ?" ಎಂದಳು. ಆಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

೩ ಆಗಸ್ಟ್, ರವಿವಾರ

ಮ್ಯಾಟಿನಿ ತುಂಬಿತ್ತು. ಪರದೆಯ ಮೇಲೆ ಹೋಟೆಲ್ ಮ್ಯಾನೇಜರ್ ಸರಪಳಿ ಹಿಡಿದು ಬಂದಾಗ ಹಿಂದಿನ ಸಾಲಿನಿಂದ ಯಾರೋ ಕೂಗಿದ: "ಜಿನದತ್ತ ಸಾಹೇಬ್ರ, ನಿಮ್ಮ ತಮ್ಮ ಬಂದಾನ ನೋಡ್ರಿ!" ಇನ್ನೊಬ್ಬ: "ಇವ್ರ ಕಿಸೇದಾಗೂ ಕೀಲಿ ಅದಾವಲೇ!" ಇಡೀ ಟಾಕೀಸು ನಕ್ಕಿತು. ನಾನೂ ನಕ್ಕೆ.

ಆ ಮ್ಯಾನೇಜರ್ ಕೊನೆಗೆ ಬಾಗಿಲು ತೆರೆಯಲು ವಾಪಸು ಓಡುತ್ತಾನೆ. ಗೊಂಚಲಿನಲ್ಲಿ ಇಪ್ಪತ್ತು ಕೀಲಿ. ಒಂದೊಂದೇ ಹಾಕಿ ನೋಡುತ್ತಾನೆ. ಅಷ್ಟರಲ್ಲಿ ನೀರು ಬರುತ್ತದೆ. ಜನ ಸಿಳ್ಳೆ ಹೊಡೆದರು.

ಎರಡನೇ ಬಾಗಿಲಿನ ಪಕ್ಕ, ಒಳಗಡೆ, ಒಂದು ಸ್ಟೂಲು ಹಾಕಿಸಿಕೊಂಡಿದ್ದೇನೆ. ಅಲ್ಲಿ ಗಾಳಿ ಚೆನ್ನಾಗಿದೆ.

೪ ಆಗಸ್ಟ್, ಸೋಮವಾರ

ಬೆಳಿಗ್ಗೆ, ಟಾಕೀಸು ಖಾಲಿ ಇದ್ದಾಗ ಅಳೆದದ್ದು: ಸ್ಟೂಲಿನಿಂದ ಮುಂಬಾಗಿಲು ದಾಟಿ, ಮೂಲೆ ತಿರುಗಿ, ಅಂಗಳಕ್ಕೆ ಬಂದು ಮೂರೂ ಬೀಗ ತೆರೆಯಲು ಮೂರು ನಿಮಿಷ ನಲವತ್ತು ಸೆಕೆಂಡು. ಹೆಚ್ಚು ಸಮಯ ಹಿಡಿದದ್ದು ಕೀಲಿ ಹುಡುಕಲು. ಮೂರೂ ಒಂದೇ ತರಹ.

ಹೆಂಡತಿ ಸೀತಾಬಾಯಿಯ ಹೊಲಿಗೆ ಡಬ್ಬಿಯಿಂದ ದಾರ ತಂದು ಕೀಲಿಗಳಿಗೆ ಕಟ್ಟಿದೆ. ಒಂದನೇ ಬಾಗಿಲಿಗೆ ಹಸಿರು, ಎರಡನೆಯದಕ್ಕೆ ಕೆಂಪು, ಮೂರನೆಯದಕ್ಕೆ ಬಿಳಿ. ಎರಡನೇ ಸಲ: ಒಂದು ನಿಮಿಷ ಐವತ್ತು.

ಸುಮ್ಮನೆ ತಿಳಿದಿರಲಿ ಎಂದು ಅಳೆದದ್ದು. ಭಯವೇನಿಲ್ಲ.

೫ ಆಗಸ್ಟ್, ಮಂಗಳವಾರ

ಒಂದು ನಿಮಿಷ ಇಪ್ಪತ್ತು. ನಿದ್ದೆ ಸರಿಯಾಗಿಲ್ಲ.

೬ ಆಗಸ್ಟ್, ಬುಧವಾರ

ಮಯೂರಿ ಬಂದಿದ್ದಾಳೆ. ಕೂಸು ನನ್ನ ಕನ್ನಡಕ ಕಿತ್ತುಕೊಂಡಿತು. ಮನೆಯಲ್ಲಿ ಉಂಡಿ ಕಟ್ಟುವ ಕೆಲಸ: ಶೇಂಗಾ, ಎಳ್ಳು, ಅಳ್ಳು. ಹಿತ್ತಲಿನಲ್ಲಿ ಜೋಕಾಲಿ ಕಟ್ಟಿದೆವು.

ನಮ್ಮ ಜೈನ ನೇಮದಂತೆ ಸೂರ್ಯ ಮುಳುಗುವ ಮೊದಲು ಊಟಕ್ಕೆ ಕುಳಿತಿದ್ದೆ. ಮಯೂರಿ ಬಡಿಸುತ್ತ ಹೇಳಿದಳು: "ಅಪ್ಪಾ, ಪಂಚಮಿ ದಿನ ನಾವೆಲ್ಲಾ ಡ್ಯಾಮ್ ಪಿಚ್ಚರ್‌ಗೆ ಬರ್ತೇವಿ. ಹುಕ್ಕೇರಿಯಾಗ ಎಲ್ಲಾರೂ ನೋಡಿ ಬಂದಾರ. ಹಳದಿ ಟೊಪಗಿ ಹೆಂಗಸಂತ, ಎರಡ್ ಸಲ ಸಾಯ್ತಾಳಂತ!"

"ಬ್ಯಾಡ. ಗದ್ದಲ ಇರ್ತೈತಿ. ಕೂಸು ಐತಿ."

"ಕೂಸಿನ ಕರಕೊಂಡ್ ಬರೋ ಹೆಣ್ಮಕ್ಕಳು ಎಷ್ಟ್ ಮಂದಿ ಇಲ್ಲ?"

"ಅವರು ಬರವಲ್ರಾಕ. ನೀ ಬ್ಯಾಡ."

ಕೈಯಲ್ಲಿ ಸೌಟು ಹಿಡಿದು ಅವಳು ಹಾಗೆಯೇ ನಿಂತಳು. "ಯಾಕಪ್ಪಾ? ಖರೆ ಹೇಳ್ರಿ."

ಹೇಳಿದೆ. ಬೀಗದ್ದು, ಜನರೇಟರಿನದು, ದಿಲ್ಲಿಯದು. ಎಲ್ಲವನ್ನೂ ಕೇಳಿ ಅವಳು ಒಂದೇ ಮಾತು ಕೇಳಿದಳು: "ಹಂಗಾರ ಬ್ಯಾರೇದವರ ಮಗಳು ಕುಂದ್ರಬಹುದೇನು?"

ಸೀತಾಬಾಯಿ ಒಳಗಿನಿಂದ, "ಅವರನ್ನ ಉಣ್ಣಾಕ ಬಿಡ" ಎಂದು ಗದರಿದಳು.

ಮಡಿಕೆಕಾಳಿನ ಪಲ್ಯ ಚೆನ್ನಾಗಿತ್ತು. ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

೭ ಆಗಸ್ಟ್, ಗುರುವಾರ

ಉದ್ದಪ್ಪನಿಗೆ ಹೇಳಿದೆ: ನಾಳೆ ಬೀಗಗಳನ್ನು ಕೊಂಡಿಗೆ ತೂಗುಹಾಕಬೇಕು, ಒತ್ತಬಾರದು. ದೂರದಿಂದ ನೋಡಿದವರಿಗೆ ಹಾಕಿದಂತೆಯೇ ಕಾಣಬೇಕು. ಆಟ ಮುಗಿಯುವವರೆಗೆ ಅವನು ಅಂಗಳದಲ್ಲೇ ಇದ್ದು, ಬೇಕಾದಾಗ ಕೈಯಿಂದ ತೆಗೆದರಾಯಿತು.

"ಸಾವ್ಕಾರ್ರು ನೋಡಿದ್ರ?"

"ನಾ ಹೇಳೇನಿ ಅನ್ನು."

"ನಿಮ್ಮ ಹೆಸರ್ ಹೇಳಿದ್ರ ನಿಮ್ಮನ್ನ ಬೈತಾರ, ನನ್ನ ಮನಿಗೆ ಕಳಸ್ತಾರ್ರಿ" ಎಂದ. ಒಪ್ಪಿದ.

ಮನೆಗೆ ಬಂದು ಮಯೂರಿಗೆ, ಬಾ ಎಂದೆ.

೮ ಆಗಸ್ಟ್, ಶುಕ್ರವಾರ. ಪಂಚಮಿ

ಯಾರಿಗೂ ಗಾಯವಿಲ್ಲ. ಫಕೀರವ್ವನ ಒಂದು ಚಪ್ಪಲಿ ಸಿಕ್ಕಿಲ್ಲ. ಕೇಳಿದ ಮಾತಲ್ಲ, ಅಂಗಳದಲ್ಲಿ ನಿಂತು ಒಬ್ಬೊಬ್ಬರನ್ನೂ ವಿಚಾರಿಸಿದ್ದೇನೆ.

ಮ್ಯಾಟಿನಿಗೆ ಐನೂರಿಪ್ಪತ್ತು ಸೀಟುಗಳೂ ಭರ್ತಿ, ಅರ್ಧದಷ್ಟು ಹೆಂಗಸರು. ಹೊಸ ಸೀರೆ, ಕೈಚೀಲದಲ್ಲಿ ಉಂಡಿ, ಮಡಿಲಲ್ಲಿ ಕೂಸು. ಮಯೂರಿ ಗೆಳತಿಯರೊಂದಿಗೆ ಒಂದನೇ ಬಾಗಿಲಿನ ಹತ್ತಿರ ಕುಳಿತಳು. ನಾನು ಸ್ಟೂಲಿನ ಮೇಲೆ.

ನಾಲ್ಕೂ ಇಪ್ಪತ್ತೈದಕ್ಕೆ ಕರೆಂಟು ಹೋಯಿತು. ಜನರೇಟರ್ ಶುರುವಾಯಿತು. ಏಳನೇ ರೀಲು ಅರ್ಧಕ್ಕೆ ಬಂದಾಗ ಪ್ರೊಜೆಕ್ಟರಿನ ಬೆಳಕಿನ ಕೋಲಿನಲ್ಲಿ ಹೊಗೆ ತೇಲುವುದು ಕಂಡಿತು. ಬೀಡಿ ಹೊಗೆ ಮೇಲಕ್ಕೆ ಹೋಗುತ್ತದೆ. ಇದು ಎಡಗಡೆಯ ಕಿಂಡಿಗಳಿಂದ ಕೆಳಕ್ಕೆ ಇಳಿಯುತ್ತಿತ್ತು. ಪರದೆಯ ಮೇಲೆ ಅಣೆಕಟ್ಟು ಬಿರಿಯುತ್ತಿತ್ತು. ಯಾರೋ ಖುಷಿಯಿಂದ ಕೂಗಿದ: "ಏ, ಖರೇನ ಹೊಗಿ ಬಿಟ್ಟಾರಲೇ!" ಜನ ಚಪ್ಪಾಳೆ ತಟ್ಟಿದರು.

ಎರಡನೇ ಬಾಗಿಲನ್ನು ಒಳಗಿನಿಂದ ತಳ್ಳಿದೆ. ಮಾತಿನ ಪ್ರಕಾರ ಉದ್ದಪ್ಪ ಕೂಗು ಕೇಳಿ ಹೊರಗಿನಿಂದ ಬೀಗ ತೆಗೆಯಬೇಕಿತ್ತು. ಮೂರು ಸಲ ಕೂಗಿದೆ. ಯಾರೂ ತೆಗೆಯಲಿಲ್ಲ.

ಓಡಿದೆ. ಮುಂಬಾಗಿಲಲ್ಲಿ ಫಕೀರವ್ವನಿಗೆ, "ಹೆಣ್ಮಕ್ಕಳನ್ನ ಎಬ್ಬಸು, ಗಾಬರಿ ಮಾಡಬ್ಯಾಡ" ಎಂದಷ್ಟೇ ಹೇಳಿದೆ. ಅಂಗಳದಲ್ಲಿ ಜನರೇಟರಿನ ಹಿಂದೆ ಬೆಲ್ಲದ ಅಂಗಡಿಯ ಖಾಲಿ ಗೋಣಿಚೀಲಗಳ ರಾಶಿ ಹೊಗೆಯಾಡುತ್ತಿತ್ತು, ಅಂಚಿನಲ್ಲಿ ಉರಿ. ಉದ್ದಪ್ಪ ಕೊಡದಿಂದ ನೀರು ಸುರಿಯುತ್ತಿದ್ದ. ಜನರೇಟರ್ ಬಂದ್ ಮಾಡಿದ್ದ. ಹಾಗಾಗಿ ಒಳಗೆ ಕತ್ತಲೆ. ಆಗ ಕೂಗು ಶುರುವಾಯಿತು. ಸಿನೆಮಾದ ಕೂಗಲ್ಲ.

ಮೂರೂ ಬೀಗಗಳು ಒತ್ತಿಕೊಂಡಿದ್ದವು.

ಗೊಂಚಲು ಹೊರತೆಗೆದೆ. ಮಯೂರಿ ಕುಳಿತದ್ದು ಒಂದನೇ ಬಾಗಿಲಿಗೆ, ಹಸಿರು ದಾರ. ಮೊದಲು ಹಿಡಿದದ್ದು ಕೆಂಪು ದಾರ, ಎರಡನೇ ಬಾಗಿಲು. ಅಲ್ಲಿ ಜನ ಹೆಚ್ಚಿದ್ದರು. ಆಮೇಲೆ ಹಸಿರು. ಮೂರನೆಯದು ಉರಿಯ ಪಕ್ಕದಲ್ಲಿದ್ದುದರಿಂದ ತೆರೆಯಲಿಲ್ಲ.

ಬಾಗಿಲು ತೆರೆದಾಗ ಒಳಗೆ ಹೋದ ಹಗಲಿನ ಬೆಳಕೇ ಬೆಳಕು. ಫಕೀರವ್ವನ ಗಂಟಲು ಎಲ್ಲಕ್ಕಿಂತ ಮೇಲೆ ಕೇಳುತ್ತಿತ್ತು: "ತಂಗೀ, ಕೂಸು ಮೊದಲು, ಚೀಲ ಆಮ್ಯಾಲ! ಬೆಳಕ ಐತಿ ನೋಡ್ರಿ, ಬೆಳಕಿನ ಕಡೆ ನಡೀರಿ! ಏ ಗಂಡಸ, ನಿಂದೇನ ಅವಸರ, ನಿನ್ನ ಲಗ್ನ ಐತೇನು?" ಯಾರೋ ನಕ್ಕರು. ನಕ್ಕಿದ್ದರಿಂದ ಸಾಲು ಸರಿಹೋಯಿತು.

ಮಯೂರಿ ಹೊರಬಂದದ್ದು ಕೊನೆಯವರೊಂದಿಗೆ. ಮುದುಕಿಯೊಬ್ಬಳ ಕೈ ಹಿಡಿದಿದ್ದಳು. ಕೂಸು ನಿದ್ದೆ ಮಾಡಿತ್ತು. "ಅಪ್ಪಾ, ನಿಮ್ಮ ಅಂಗಿ ಸುಟ್ಟೈತಿ" ಎಂದಳು. ತೋಳಿನಲ್ಲಿ ಒಂದು ತೂತು, ಅಷ್ಟೇ.

ಐದು ಗಂಟೆಗೆ ಉರಿ ಆರಿತು. ಉದ್ದಪ್ಪ ಬಂದು ತಲೆ ತಗ್ಗಿಸಿ ನಿಂತ. ಆಟಕ್ಕೆ ಮೊದಲು ಸಾವ್ಕಾರರು ಬೀಗರನ್ನು ಕರೆದುಕೊಂಡು ಅಂಗಳಕ್ಕೆ ಬಂದಿದ್ದರಂತೆ. ತೂಗಾಡುವ ಬೀಗ ಕಂಡು, ಹಬ್ಬದ ದಿನ ಹಿಂಗೇನೋ ಎಂದು ತಾವೇ ಮೂರನ್ನೂ ಒತ್ತಿದರಂತೆ. "ನಿಮಗ ಹೇಳಿದ್ರ ನೀವು ಹೆದರ್ತೀರಿ ಅಂತ ಹೇಳಲಿಲ್ರಿ" ಎಂದ. ಅವನನ್ನು ಬೈಯಲಿಲ್ಲ. ಒತ್ತದೆ ತೂಗುಹಾಕಿದ ಬೀಗ ಕಂಡರೆ ಒತ್ತಬೇಕೆಂದು ಹನ್ನೊಂದು ವರ್ಷ ಎಲ್ಲರಿಗೂ ಕಲಿಸಿದವನು ನಾನು.

ಮನೆಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಅಂಗಳದಲ್ಲಿ ಕುಳಿತು ಚೀಲ ಬಿಚ್ಚಿ ಉಂಡಿ ಹಂಚಿಕೊಂಡರು. ಐದೂ ಇಪ್ಪತ್ತಕ್ಕೆ ಕರೆಂಟು ಬಂತು. ಮೊದಲು ಎದ್ದವಳು ಮಯೂರಿ ಕೈ ಹಿಡಿದು ತಂದ ಮುದುಕಿ. "ಸಾಹೇಬ್ರ, ಡ್ಯಾಮ್ ಒಡೀತೋ ಇಲ್ಲೋ? ಅಷ್ಟು ತೋರಸಿಬಿಡ್ರಿ" ಎಂದಳು.

ಆಪರೇಟರ್ ಯಲ್ಲಾರಿ ಏಳನೇ ರೀಲನ್ನು ಮೊದಲಿನಿಂದ ಹಾಕಿದ. ಮೂರೂ ಬಾಗಿಲು ತೆರೆದಿಟ್ಟೆ. ಟಿಕೆಟ್ ಯಾರೂ ಕೇಳಲಿಲ್ಲ. ದಾರಿಹೋಕರೂ ಬಂದು ನಿಂತರು. ಹಗಲಿನ ಬೆಳಕು ಬಿದ್ದು ಪರದೆ ಮಸುಕಾಗಿತ್ತು. ಆದರೂ ಆ ಗೋಲಿಗುಂಡಿನ ನೀರು ಬಂದಾಗ ಎಲ್ಲರೂ ಕಾಲು ಮೇಲೆತ್ತಿಕೊಂಡರು. ಮ್ಯಾನೇಜರ್ ಕೀಲಿಗಳನ್ನು ತಡಕಾಡುವಾಗ ಸಿಳ್ಳೆ ಬರಲಿಲ್ಲ. ಒಬ್ಬ ಕೂಗಿದ: "ನಮ್ಮ ಸಾಹೇಬ್ರನ್ನ ಕರೀರಿ ಅಲ್ಲಿಗೆ!"

ಸ್ಟೂಲಿನ ಮೇಲಿಂದ ಕೆಳಗೆ ನೋಡಿಕೊಂಡಾಗ ನನ್ನ ಕಾಲೂ ನೆಲದ ಮೇಲಿರಲಿಲ್ಲ.

ಸೂರ್ಯ ಮುಳುಗಿತು. ಊಟವಾಗಲಿಲ್ಲ.

೯ ಆಗಸ್ಟ್, ಶನಿವಾರ

ಬೆಳಗಾವಿಯ ಲೈಸೆನ್ಸ್ ಕಚೇರಿಗೆ ಒಂದೂವರೆ ಪುಟ ಬರೆದು ರಿಜಿಸ್ಟರ್ ಅಂಚೆಯಲ್ಲಿ ಹಾಕಿದೆ.

ಸಾವ್ಕಾರರು ಮಧ್ಯಾಹ್ನ ಬಂದರು. ಸುಟ್ಟ ಗೋಣಿಚೀಲಗಳನ್ನು ಕಾಲಿನಿಂದ ಸರಿಸಿ ನೋಡಿದರು. "ಹೊಗಿ ಬಂತು, ಹೋತು. ಬರಿಯಾಕ ಏನೈತಿ?"

"ಬರದು ಹಾಕೇನ್ರಿ."

"ನನ್ನ ಹೆಸರು ಬರದೀರೇನು?"

"ಇಬ್ಬರದೂ ಬರದೇನ್ರಿ. ಮೊದಲು ನಂದು. ಕೊಂಡಿ ಹಾಕಸಿದವ ನಾನು."

ಅವರು ಸುಟ್ಟ ಚೀಲವೊಂದನ್ನು ಒದ್ದು ಬದಿಗೆ ತಳ್ಳಿದರು. ನಂತರ, "ಬ್ಯಾರೆ ನೌಕರಿ ನೋಡಕೋರಿ" ಎಂದರು. ಹೂಂ ಎಂದೆ. ಬಾಗಿಲವರೆಗೆ ಹೋಗಿ ನಿಂತು, "ನಿಮ್ಮ ಮಗಳೂ ಒಳಗಿದ್ಲಂತಲ್ಲ?" ಎಂದು ಕೇಳಿದರು. ಹೌದೆಂದೆ. "ನಮ್ಮ ಸೊಸಿನೂ ಇದ್ಲು" ಎಂದು ಹೋದರು.

೧೪ ಆಗಸ್ಟ್, ಗುರುವಾರ

ಲೈಸೆನ್ಸ್ ಕಚೇರಿಯಿಂದ ಉತ್ತರ ಬಂದಿದೆ. ಪರಿಶೀಲನೆಗೆ ಬರುತ್ತಾರೆ. ಪತ್ರವನ್ನು ಸಾವ್ಕಾರರಿಗೆ ಓದಿ ಹೇಳಿದೆ. ಕಚೇರಿಯವರು ಬರುವುದರೊಳಗೆ ಕೊಂಡಿ ಕೀಳಿಸಿ, ತೂತಿಗೆ ಪುಟ್ಟಿ ಹಚ್ಚಿಸಿ ಬಣ್ಣ ಹೊಡೆಸಿರಿ ಎಂದರು. ಕೊಂಡಿ ಕೀಳಿಸುತ್ತೇನೆ ಎಂದೆ. ನೌಕರಿಯ ಮಾತು ಅವರೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ.

ಡ್ಯಾಮ್ ಪಿಚ್ಚರಿನ ಕೊನೆಯ ದಿನ. ಮಯೂರಿ ಹುಕ್ಕೇರಿಗೆ ಹೊರಟಳು. ಬಸ್ ಸ್ಟ್ಯಾಂಡಿನಿಂದ ಬರುತ್ತ ಸೀತಾಬಾಯಿ ಕೇಳಿದಳು: "ಅಲ್ರೀ, ಆ ಪಿಚ್ಚರ್ ಎಷ್ಟ್ ಸಲ ನೋಡಿದ್ರಿ?"

ನಾಲ್ಕೈದು ಸಲ ಇರಬಹುದು ಎಂದೆ. ಮನೆಗೆ ಬಂದು ಎಣಿಸಿದರೆ ಇಪ್ಪತ್ತಾರು. ಕೆಲಸಕ್ಕೆಂದು ಕುಳಿತಿದ್ದೆ.

"ಆ ಟೊಪಗಿ ಹೆಂಗಸು ಎರಡ್ ಸಲ ಕೊಚ್ಚಿ ಹೋಗೂದು ಸುಳ್ಳಲ್ಲೇನು?" ಎಂದಳು.

ಸುಳ್ಳು ಎನ್ನಲಾಗದು ಎಂದು ವಿವರಿಸಿದೆ. ಮೊದಲ ಸಲ ಅವಳು ಯಾವುದೋ ಬಾಗಿಲಿನಿಂದ ಹೊರಬಂದಿರಬಹುದು. ಚಿತ್ರದಲ್ಲಿ ತೋರಿಸಿಲ್ಲ, ಅಷ್ಟೆ.

ಪೆಟ್ಟಿಗೆ ಕಟ್ಟಿಸಿದ್ದೇನೆ. ಒಳಗೆ ಮೂಡಲಗಿಯ ಮ್ಯಾನೇಜರಿಗೆ ಒಂದು ಚೀಟಿ: ಏಳನೇ ರೀಲಿನ ನಡುವೆ ಹರಿದ ಫಿಲ್ಮಿನ ಜೋಡಣೆ ಇದೆ, ನಿಧಾನವಾಗಿ ಹಾಕಿರಿ, ನಿಮ್ಮ ಪಕ್ಕದ ಬಾಗಿಲುಗಳನ್ನು ಒಮ್ಮೆ ತಳ್ಳಿ ನೋಡಿರಿ.

ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಪೆಟ್ಟಿಗೆ ಹೋಗುತ್ತದೆ. ಧ್ವಜವಂದನೆ ಮುಗಿಸಿಕೊಂಡು ಹತ್ತಕ್ಕೆ ಬಡಿಗ್ಯಾರ ಮಾಲಿಂಗಪ್ಪ ಬರುತ್ತಾನೆ. ಎರಡನೇ ಬಾಗಿಲಿನ ಕೊಂಡಿ ಮೊದಲು. ಪುಟ್ಟಿ ತರಿಸಿಲ್ಲ. ಪರಿಶೀಲನೆ ಸೋಮವಾರ, ೧೮ರಂದು, ಬೆಳಿಗ್ಗೆ ಹನ್ನೊಂದಕ್ಕೆ.